ಸಂಜೆಯ ಬಸ್ಸಿನಲ್ಲಿ ಕಾಲೇಜು ನೋಡಿದವರು

ಕಾಲೇಜು ಹೇಗಿದೆ ಎಂದು ತಿಳಿಯಬೇಕಾದರೆ ಮುಂಜಾನೆ ಅಲ್ಲಿಗೆ ಹೋಗಬಾರದು, ಸಂಜೆ ಅಲ್ಲಿಂದ ಮರಳುವ ಮಕ್ಕಳನ್ನು ನೋಡಬೇಕು. ಇದನ್ನು ನನಗೆ ಹೇಳಿಕೊಟ್ಟವರು ಪ್ರಾಧ್ಯಾಪಕರಲ್ಲ, ಒಬ್ಬ ನಿವೃತ್ತ ಬಸ್ ಕಂಡಕ್ಟರ್.

"ಮುಂಜಾನಿ ಎಲ್ಲಾ ಕಾಲೇಜಿನ ಮಕ್ಕಳೂ ಒಂದ ನಮೂನಿ ಕಾಣ್ತಾರ್ರಿ ಬಾಯಾರ. ತಲಿ ಬಾಚಿರ್ತಾರ, ಇಸ್ತ್ರಿ ಅರಬಿ ಹಾಕ್ಕೊಂಡಿರ್ತಾರ. ಸಂಜಿಗೆ ನೋಡ್ರಿ. ಒಳಗ ಏನಾತು ಅನ್ನೋದು ಆವಾಗ ಗೊತ್ತಾಗ್ತೈತಿ."

ಹೋದ ತಿಂಗಳು ಅವರು ತೀರಿಕೊಂಡರು. ಅವರ ಮನೆಗೆ ಹೋಗಿ, ಅವರ ಹೆಂಡತಿಯ ಕೈ ಹಿಡಿದು ಒಂದು ಗಳಿಗೆ ಕೂತು ಬಂದ ದಿನ, ಎರಡು ವರ್ಷದ ಹಿಂದಿನ ನನ್ನ ದಿನಚರಿ ತೆಗೆದೆ. ಜೂನ್ ತಿಂಗಳ ಒಂಬತ್ತು ದಿನಗಳ ಪುಟಗಳಲ್ಲಿ ನನ್ನ ಅಕ್ಷರ ಗೆರೆ ಬಿಟ್ಟು ಓಡಿದೆ. ಓದುತ್ತಾ ಅಳು ಬರಬೇಕಿತ್ತು. ಬಂದದ್ದು ಉಮೇದು. ಎದ್ದು ಯಾವುದಾದರೂ ಬಸ್ಸು ಹತ್ತಿಬಿಡಬೇಕು ಅನ್ನಿಸಿತು.

ಮೇಲೆ ನಾನು ಬರೆದ ಅವರ ಮಾತು ದಿನಚರಿಯಲ್ಲಿ ಹಾಗೆ ಇಲ್ಲ. ಅಲ್ಲಿ "ಸಂಜೆ ನೋಡಬೇಕಂತೆ" ಎಂದಷ್ಟೇ ಇದೆ. ಇಸ್ತ್ರಿ ಅರಬಿ ಅವರು ಹೇಳಿದ್ದೋ, ನಾನು ಮನಸ್ಸಿನಲ್ಲಿ ಹಾಕಿಕೊಂಡದ್ದೋ, ಈಗ ಆಣೆ ಮಾಡಿ ಹೇಳಲಾರೆ. ಧಾರವಾಡದಲ್ಲಿ ಇತಿಹಾಸ ಓದಿದವಳು ನಾನು. ಒಂದೇ ಸಾಕ್ಷಿಯನ್ನು ನಂಬಬಾರದು ಎಂದು ಅಲ್ಲಿ ಕಲಿತೆ. ಇಲ್ಲಿ ಇರುವ ಒಂದೇ ಸಾಕ್ಷಿ ನಾನೇ.

ಅವರ ಹೆಸರು ಬರೆಯುವುದಿಲ್ಲ. ಬಾಗಲಕೋಟೆ ನವನಗರದ ನಮ್ಮ ಸೆಕ್ಟರಿನಲ್ಲಿ ಅವರ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಎಲ್ಲರಿಗೂ ಅವರು ಕಾಕಾ. ಹಳೆ ಊರಿನಲ್ಲಿ ಅವರ ಮನೆತನದವರು ತಲೆಮಾರುಗಳಿಂದ ಇದ್ದವರು. ಅಣೆಕಟ್ಟಿನ ಹಿನ್ನೀರು ಬಂದು ಊರು ಮುಳುಗಿದಾಗ ನಮ್ಮಂತೆ ಅವರೂ ಇಲ್ಲಿಗೆ ಬಂದರು. ವಯಸ್ಸಿನಲ್ಲಿ ನಾನು ಅವರ ಮಗಳಾಗಬಹುದಿತ್ತು. ಆದರೂ ಬಸ್ಸಿನಲ್ಲಿ ಹೆಣ್ಣುಮಕ್ಕಳನ್ನು ಕರೆದು ರೂಢಿಯಾದ ಹಾಗೆ ನನ್ನನ್ನು ಬಾಯಾರ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಇಳಕಲ್ಲು ಮತ್ತು ಬಾದಾಮಿ ದಾರಿಗಳಲ್ಲಿ ನಿಂತೇ ತಿರುಗಿದವರು. ನಿವೃತ್ತಿಯಾದ ಮೇಲೂ ಬಸ್ಸಿನಲ್ಲಿ ಕೂಡುತ್ತಿರಲಿಲ್ಲ. ಸೀಟು ಖಾಲಿ ಇದ್ದರೂ ಮುಂದಿನ ಬಾಗಿಲ ಹತ್ತಿರ ಕಂಬಿ ಹಿಡಿದು ನಿಲ್ಲುವರು. ಕೂತರೆ ಯಾರದೋ ಜಾಗ ಹಿಡಿದಂತೆ ಅನ್ನಿಸುತ್ತದೆ ಎನ್ನುವರು. ಮನೆಯಲ್ಲಿ ಮಾತು ಅತಿಯಾದರೆ "ಹೋಲ್ಡಾನ್" ಅನ್ನುವರು, ಮಾತು ಮುಗಿದರೆ "ರೈಟ್". ಅವರ ಹೆಂಡತಿಗೆ ಈ ಎರಡು ಶಬ್ದ ಕೇಳಿ ಸಾಕಾಗಿಹೋಗಿತ್ತು. ಒಮ್ಮೆ ಅವರು ನನ್ನ ಮುಂದೆಯೇ, ಈ ಮನುಷ್ಯ ಮನೆಯನ್ನು ಯಾವ ಡಿಪೋಗೆ ಒಯ್ಯುತ್ತಾರೋ ಎಂದು ಗೊಣಗಿದ್ದರು.

ಯಾವ ಕಾಲೇಜು ಎಂದು ಕೇಳಲು ಜನ ಅವರ ಹತ್ತಿರ ಬರತೊಡಗಿದ್ದು ಹೇಗೆ ಎಂಬುದಕ್ಕೆ ಎರಡು ಕಥೆಗಳಿವೆ. ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರು ದಿನಾ ಅವರ ಬಸ್ಸಿಗೇ ಬರುತ್ತಿದ್ದರಂತೆ. ತಮ್ಮ ಮಗನನ್ನು ಎಲ್ಲಿ ಹಾಕಲಿ ಎಂದು ಸುಮ್ಮನೆ ಮಾತಿಗೆ ಕೇಳಿದರಂತೆ. ಕಾಕಾ ಬಸ್ಸಿನ ಹಿಂಭಾಗ ತೋರಿಸಿ, ಆ ಮೂಲೆಯಲ್ಲಿ ಕೂತ ಹುಡುಗರು ಓದುವ ಕಡೆ ಹಾಕಿರಿ ಅಂದರಂತೆ. ಇನ್ನೊಂದು ಕಥೆಯಲ್ಲಿ ವ್ಯಾಪಾರಿ ಇಲ್ಲ, ಅಮೀನಗಡದ ಒಬ್ಬ ಶಾಲಾ ಮಾಸ್ತರರಿದ್ದಾರೆ. ಎರಡನ್ನೂ ನಾನು ಕಾಕಾನ ಬಾಯಿಂದಲೇ ಕೇಳಿದ್ದೇನೆ. ಯಾವುದು ಖರೆ ಎಂದು ಕೇಳಿದ್ದಕ್ಕೆ, ಎರಡೂ ಟ್ರಿಪ್ಪು ಹೋಗಿ ಬಂದಿದ್ದೇನಲ್ಲ ಎಂದು ನಕ್ಕುಬಿಟ್ಟರು.

ಅವರಿಗೆ ಗೊತ್ತಿದ್ದದ್ದು ಬಸ್ಸಿನ ಮಕ್ಕಳು ಮಾತ್ರ. ಆದರೆ ಆ ಮಕ್ಕಳನ್ನು ಅವರು ಬಲ್ಲ ಹಾಗೆ ಯಾವ ಪ್ರಾಂಶುಪಾಲರೂ ಬಲ್ಲರೆಂದು ನನಗನ್ನಿಸುವುದಿಲ್ಲ. ಮೂವತ್ತು ವರ್ಷ ಆ ಮಕ್ಕಳ ಪಾಸು ನೋಡಿದವರು, ಅವರ ಚೀಲಗಳನ್ನು ಸೊಂಟಕ್ಕೆ ಬಡಿಸಿಕೊಂಡವರು. ಸಂಜೆ ಚೀಲ ತಾಗಿದಾಗ ಊಟದ ಡಬ್ಬಿಯ ಸಪ್ಪಳದಿಂದಲೇ ಅದು ಖಾಲಿಯೋ ತುಂಬಿದೆಯೋ ಹೇಳುತ್ತಿದ್ದರು. ಒಬ್ಬ ಹುಡುಗಿಯ ಡಬ್ಬಿ ತುಂಬಿ ಬಂದರೆ ಅದು ಆ ಹುಡುಗಿಯ ಮನೆಯ ವಿಷಯ. ಒಂದೇ ಕಾಲೇಜಿನ ಹತ್ತು ಡಬ್ಬಿ ಉಣ್ಣದೆ ಹಾಗೇ ಬಂದರೆ ಅದು ಕಾಲೇಜಿನ ವಿಷಯ ಎಂಬುದು ಅವರ ಲೆಕ್ಕ. ಬಸ್ಸು ಹತ್ತಿದ ಕೂಡಲೇ ಚೀಲದ ಮೇಲೆ ತಲೆಯಿಟ್ಟು ಮಲಗುವವರು, ಮೊಣಕಾಲ ಮೇಲೆ ವಹಿ ಇಟ್ಟುಕೊಂಡು ನಾಳೆಯದನ್ನು ನಕಲು ಮಾಡುವವರು, ಅರ್ಧ ದಾರಿಯವರೆಗೂ ಒಂದೇ ವಿಷಯಕ್ಕೆ ಜಗಳಾಡುವವರು, ಇವರೆಲ್ಲರನ್ನೂ ಅವರು ಬೇರೆ ಬೇರೆ ಇಟ್ಟಿದ್ದರು. ಜಗಳಾಡುವವರೆಂದರೆ ಅವರಿಗೆ ಪ್ರೀತಿ. ಬರೀ ಕಿಡಕಿ ಸೀಟಿಗೆ ಜಗಳಾಡಿದರೆ ಮಾತ್ರ ಲೆಕ್ಕಕ್ಕಿಲ್ಲ.

ನಾನು ಅವರ ಹತ್ತಿರ ಹೋದದ್ದು ನನ್ನ ಮಗಳಿಗಾಗಿ. ಅವಳು ಆಗ ಪಿಯುಸಿ ವಿಜ್ಞಾನ ಮುಗಿಸಿದ್ದಳು. ಅಂಕಗಳು ಹೆಮ್ಮೆ ಪಡುವಂಥವಲ್ಲ, ನಾಚಿಕೆ ಪಡುವಂಥವೂ ಅಲ್ಲ. ಮುಂದೇನು ಎಂದು ಕೇಳಿದರೆ "ನಿಂಗ್ ಹೆಂಗ ಅನಸ್ತೈತೋ ಹಂಗ" ಎನ್ನುವಳು. ನನಗೆ ಅನ್ನಿಸಿದ್ದನ್ನು ಹೇಳಿದರೆ "ಬ್ಯಾಡ" ಎನ್ನುವಳು. ಬೇಸಿಗೆಯಿಡೀ ಮೊಬೈಲು ಹಿಡಿದು ಮಂಚದ ಮೇಲೆ ಬಿದ್ದುಕೊಂಡಿದ್ದಳು. ನಮ್ಮವರು ನೌಕರಿಯ ಮೇಲೆ ವಿಜಯಪುರದಲ್ಲಿದ್ದರು. ಫೋನಿನಲ್ಲಿ ಅವರದು ಒಂದೇ ಮಾತು: ಮನೆಯ ಹತ್ತಿರವೇ ಕಾಲೇಜಿದೆ, ಬಿ.ಕಾಂ.ಗೆ ಹಾಕಿಬಿಡು. ನಾನು ಅದನ್ನು ಮಗಳಿಗೆ ಹೇಳಿದ ದಿನ ಅವಳು, ನಾನು ಕಾಲೇಜಿಗೇ ಹೋಗುವುದಿಲ್ಲ, ಮನೆಯಲ್ಲಿರುತ್ತೇನೆ ಎಂದುಬಿಟ್ಟಳು. ಸಿಟ್ಟಿನಿಂದ ಹೇಳಿದ್ದರೆ ನನಗೆ ಹೆದರಿಕೆಯಾಗುತ್ತಿರಲಿಲ್ಲ. ತಣ್ಣಗೆ, ಮೊಬೈಲಿನಿಂದ ಕಣ್ಣೆತ್ತದೆ ಹೇಳಿದಳು.

ಆ ಹೆದರಿಕೆಯಲ್ಲಿ ನಾನು ಮಾಡಿದ ಕೆಲಸವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮರುದಿನ ಅವಳಿಗೆ ತಿಳಿಸದೆ ಆ ಹತ್ತಿರದ ಕಾಲೇಜಿಗೆ ಹೋಗಿ ಅವಳ ಹೆಸರು ಹಚ್ಚಿಸಿ, ಅವಳ ಮೂಲ ವರ್ಗಾವಣೆ ಪತ್ರ, ಅಂದರೆ ಟಿ.ಸಿ., ಕೊಟ್ಟು ಬಂದೆ. ಮೂಲ ಟಿ.ಸಿ. ಒಂದು ಕಾಲೇಜಿನ ಕಪಾಟಿನೊಳಗೆ ಹೋಯಿತೆಂದರೆ ಬೇರೆ ಯಾವ ಕಾಲೇಜೂ ಆ ಮಗುವನ್ನು ಸೇರಿಸಿಕೊಳ್ಳುವುದಿಲ್ಲ. ಇದು ಗೊತ್ತಿದ್ದೇ ಕೊಟ್ಟೆ. ಆಮೇಲೆ ಕಾಕಾನ ಹತ್ತಿರ ಹೋಗಿ, ಅವಳು ನಿಮ್ಮ ಮಾತು ಕೇಳುತ್ತಾಳೆ, ಆ ಕಾಲೇಜಿಗೆ ಹೋಗಲು ಒಪ್ಪಿಸಿ ಎಂದು ಕೇಳಿಕೊಂಡೆ. ಟಿ.ಸಿ.ಯ ವಿಷಯ ಬಾಯಿ ಬಿಡಲಿಲ್ಲ.

ಕಾಕಾ ತಮ್ಮ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಅಂಕಪಟ್ಟಿ ಮುಂದೆ ಹಿಡಿದೆ. ಅವರು ಕೈ ಚಾಚಲೂ ಇಲ್ಲ.

"ಇದು ಹೋಗಿ ಮುಟ್ಟಿದ ಊರಿನ ಟಿಕೆಟ್ರಿ. ಇದನ್ನ ತಗೊಂಡು ನಾ ಏನ್ ಮಾಡ್ಲಿ?" ಎಂದರು. ಒಪ್ಪಿಸುವ ಮಾತಿಗೆ ಅವರ ಉತ್ತರ ಇನ್ನೂ ಚಿಕ್ಕದಿತ್ತು. "ಎಲ್ಲಿಗೆ ಅಂತ ಕಂಡಕ್ಟರ್ ಕೇಳಬಹುದು. ಹೇಳಬಾರದು."

ಮಗಳನ್ನು ಕರೆದುಕೊಂಡು ಊರೂರಿನ ನಿಲ್ದಾಣಕ್ಕೆ ಹೋಗಿ, ಸಂಜೆ ಮರಳುವ ಮಕ್ಕಳನ್ನು ಅವಳೇ ನೋಡಲಿ ಎಂದರು. ಹಾಗೆ ಶುರುವಾಯಿತು. ನಾನು ಕಚೇರಿಗೆ ಅರ್ಧ ದಿನದ ರಜೆ ಹಾಕುತ್ತಾ ಹೋದೆ. ಮಗಳು ಬರಲು ಒಪ್ಪಿದ್ದೇ ಒಂದು ಆಶ್ಚರ್ಯ. ನೀನು ಕಾಲೇಜು ನೋಡಬೇಕಾಗಿಲ್ಲ, ಚೆಕಿಂಗ್ ಮಾಡಬೇಕು ಎಂದು ಕಾಕಾ ಅವಳಿಗೆ ಹೇಳಿದ್ದರಂತೆ. ದಾರಿಯಲ್ಲಿ ತಟ್ಟನೆ ಬಸ್ಸು ನಿಲ್ಲಿಸಿ ಒಳಗೆ ಬರುವ ಚೆಕಿಂಗ್‌ನವರಿಗೆ ಅವರು ಮೂವತ್ತು ವರ್ಷ ಅಂಜಿದವರು. ಆ ಅಧಿಕಾರವನ್ನು ಅವಳಿಗೆ ಕೊಟ್ಟುಬಿಟ್ಟರು. ಒಂದು ಬದಿ ಖಾಲಿಯಿದ್ದ ಹಳೆಯ ಹಾಳೆಗಳ ಕಟ್ಟನ್ನು ಕೈಗಿಟ್ಟು, ಕಂಡದ್ದನ್ನು ಬರೆ, ಅನ್ನಿಸಿದ್ದನ್ನು ಬರೆಯಬೇಡ ಎಂದರು. ದಿನಚರಿ ಬರೆಯುವ ನನಗೆ ಆ ಮಾತು ಎಲ್ಲೋ ಚುಚ್ಚಿತು.

ಶುಕ್ರವಾರ ಇಳಕಲ್ಲಿಗೆ ಹೋದೆವು. ಶನಿವಾರ ಎಂದು ಮಗಳು ಈಗಲೂ ವಾದಿಸುತ್ತಾಳೆ. ಶನಿವಾರ ಕಾಲೇಜು ಅರ್ಧ ದಿನ, ಸಂಜೆಯ ಬಸ್ಸಿಗೆ ಮಕ್ಕಳೇ ಇರುವುದಿಲ್ಲ ಎಂದು ನಾನು ತೋರಿಸಿಕೊಟ್ಟರೂ ಒಪ್ಪುವುದಿಲ್ಲ. ನಿಲ್ದಾಣದ ಚಹದ ಅಂಗಡಿಯ ಎದುರು ಬೆಂಚಿನ ಮೇಲೆ ಕೂತು ನಾವಿಬ್ಬರೂ ಕಾಯ್ದೆವು. ಕಾಕಾ ನಿಂತೇ ಇದ್ದರು. ನಾಲ್ಕು ಗಂಟೆಗೆ ಮಕ್ಕಳು ಬರತೊಡಗಿದರು. ಗುಂಪು ನೋಡಿ ಯಾವ ಕಾಲೇಜೆಂದು ಅವರು ಮೆಲ್ಲಗೆ ಹೇಳುವರು, ಮಗಳು ಬರೆಯುವಳು. ನಾನು ಕದ್ದು ನೋಡಿದೆ. ಮೊದಲ ಹಾಳೆಯಲ್ಲಿ "ಎಲ್ಲರೂ ಮೊಬೈಲ್, ಒಬ್ಬಳು ಬಾಳೆಹಣ್ಣು" ಎಂದಿತ್ತು. ಐದು ಗಂಟೆಯ ಹೊತ್ತಿಗೆ ಅವಳು ಬೆಂಚಿನಿಂದ ಎದ್ದು ಬಸ್ಸುಗಳ ನಡುವೆ ತಿರುಗುತ್ತಿದ್ದಳು. ತಿರುಗಿ ಬರುವಾಗ ಬಸ್ಸಿನಲ್ಲಿ ಅವಳೇ ಕಾಕಾನನ್ನು ಕೆಣಕಿದಳು.

"ಕಾಕಾ, ದಿನಾ ಸಂಜಿಗೆ ನಾ ಕಾಲೇಜಿಂದ ಬರೋದು ನೀವು ನೋಡೀರಲ್ಲ. ನಾ ಹೆಂಗ ಕಾಣ್ತಿದ್ದೆ?"

"ಹೇಳಲೇನು? ಬ್ಯಾಸರ ಮಾಡ್ಕೋಬ್ಯಾಡ."

"ಹೇಳ್ರಿ."

"ಬಸ್ಸಾಗ ಯಾರೋ ಮರತು ಬಿಟ್ಟು ಹೋದ ಚೀಲದಂಗ."

ನಾನು ಮಗಳ ಮುಖ ನೋಡಿದೆ. ಅವಳು ನಕ್ಕಳು. ಎಷ್ಟು ತಿಂಗಳ ಮೇಲೆ ನಕ್ಕಳು ಎಂದು ಲೆಕ್ಕ ಹಾಕಿದ್ದೆ. ದಿನಚರಿಯಲ್ಲಿ ಅದೂ ಇದೆ, ಇಲ್ಲಿ ಬರೆಯಲು ಸಂಕೋಚವಾಗುತ್ತದೆ.

ಸೋಮವಾರ ಹುನಗುಂದ. ಅಲ್ಲಿಯ ಒಂದು ಕಾಲೇಜಿನ ಬಗ್ಗೆ ಕಾಕಾನಿಗೆ ಬಹಳ ಅಭಿಮಾನ. ಅವರ ಸೇವೆಯ ಕಾಲದಲ್ಲಿ ಆ ಮಕ್ಕಳು ಬಸ್ಸು ಹತ್ತಿದರೆ ಅಮೀನಗಡದವರೆಗೂ ವಾದ ನಡೆಯುತ್ತಿತ್ತಂತೆ. ಡ್ರೈವರ್ ಕೂಡ ಗಾಡಿ ಓಡಿಸುತ್ತಲೇ ನಡುವೆ ಬಾಯಿ ಹಾಕುತ್ತಿದ್ದನಂತೆ. ಅಂದು ಸಂಜೆ ಆ ಕಾಲೇಜಿನ ಇಪ್ಪತ್ತು ಮಕ್ಕಳು ಬಂದರು. ಒಬ್ಬರೂ ಮಾತಾಡಲಿಲ್ಲ. ಕಿವಿಯಲ್ಲಿ ವೈರು ಸಿಕ್ಕಿಸಿಕೊಂಡು ಕಿಡಕಿಗೆ ತಲೆ ಆನಿಸಿದರು. ಕಾಕಾ ಒಬ್ಬ ಹುಡುಗನನ್ನು ಮಾತಾಡಿಸಿ ನೋಡಿದರು. ಅವನು ವೈರು ತೆಗೆದು, ಏನ್ರಿ ಎಂದು ಕೇಳಿ, ಉತ್ತರ ಕೊಟ್ಟು, ಮತ್ತೆ ಸಿಕ್ಕಿಸಿಕೊಂಡ. ಮರ್ಯಾದೆಯ ಹುಡುಗನೇ. ಕಾಕಾ ತಮ್ಮ ಕಂಬಿಗೆ ಮರಳಿದರು. ಕಮತಗಿ ದಾಟಿದ ಮೇಲೆ, ನನ್ನ ಗಾಡಿ ಹಳೆಯದಾಯಿತು ಎಂದಷ್ಟೇ ಅಂದರು. ಮಗಳು ಆ ಮಕ್ಕಳ ಪರವಾಗಿ ವಾದಿಸಿದಳು: ದಣಿದವರು ಯಾರಾದರೂ ಸುಮ್ಮನೇ ಇರುತ್ತಾರೆ, ಅದರಿಂದ ಕಾಲೇಜು ಕೆಟ್ಟದ್ದೆಂದು ಹೇಗೆ ಹೇಳುವುದು. ಆ ಮಾತು ಅವರ ಮೂವತ್ತು ವರ್ಷದ ವಿದ್ಯೆಯನ್ನೇ ಬುಡಮೇಲು ಮಾಡುವಂಥದ್ದು. ಅವರು ಅದನ್ನು ಕೇಳಿ ಎಷ್ಟು ಖುಷಿಪಟ್ಟರೆಂದರೆ, ಈ ಹುಡುಗಿ ನನ್ನ ಮೇಲೆಯೇ ಕೇಸು ಬರೆದಳು ಎಂದು ಬಸ್ಸಿನಲ್ಲಿದ್ದ ಗುರುತಿನವರಿಗೆಲ್ಲ ಹೇಳುತ್ತಾ ಬಂದರು.

ಮಂಗಳವಾರ ಬಾದಾಮಿ. ನನಗೆ ಆಸೆ ಇರಲಿಲ್ಲ. ಅಷ್ಟು ದೂರ, ಅದೂ ಬಿ.ಎ. ಮಾಡಲು, ದಿನಾ ಹೋಗಿ ಬರುವುದುಂಟೇ ಎಂದು ನನ್ನ ಲೆಕ್ಕ. ಸಂಜೆ ನಿಲ್ದಾಣದಲ್ಲಿ ಆರೇಳು ಹುಡುಗಿಯರು ನಮ್ಮ ಬಸ್ಸಿಗೇ ಹತ್ತಿದರು. ಚೂಡಿದಾರದ ಅಂಚಿಗೆ ಕೆಂಪು ಮಣ್ಣು, ಕೈಯಲ್ಲಿ ಗಂಟು ಹಾಕಿದ ಉದ್ದನೆಯ ಹಗ್ಗ. ಆಧಾರ್ ಕಾರ್ಡು ತೋರಿಸುವಾಗಲೂ ಅವರ ಜಗಳ ನಿಲ್ಲಲಿಲ್ಲ. ಒಂದು ಬಾವಿಯ ನೀರು ಹೋದ ವಾರಕ್ಕಿಂತ ಒಂದು ಗಂಟು ಇಳಿದಿದೆಯೋ ಒಂದೂವರೆ ಗಂಟೋ ಎಂಬುದು ಜಗಳ. ಕಂಬಿಯ ಮೇಲೆ ಕಾಕಾನ ಬೆರಳು ತಾಳ ಹಾಕುತ್ತಿತ್ತು.

ಮಗಳು ಆ ಹುಡುಗಿಯರ ಕಡೆಗೆ ಹೊರಳಿ ಕೂತಳು. ಓದಿನ ಬಗ್ಗೆ ಏನೋ ಕೇಳುತ್ತಾಳೆ ಅಂದುಕೊಂಡೆ.

"ನಿಮ್ಮ ಕಾಲೇಜಾಗ ಮಧ್ಯಾಹ್ನದ ಮ್ಯಾಲ ಎಷ್ಟು ಮಂದಿ ತಪ್ಪಿಸಿಕೊಂಡು ಮನಿಗೆ ಹೋಗ್ತೀರಿ?"

ಹಗ್ಗ ಹಿಡಿದಿದ್ದ ಹುಡುಗಿ ಇವಳನ್ನು ಮೇಲೆ ಕೆಳಗೆ ನೋಡಿದಳು. "ಸೋಮವಾರ ಅರ್ಧಾ ಕ್ಲಾಸ್ ಖಾಲಿ. ಶುಕ್ರವಾರನೂ ಅಷ್ಟ. ಬುಧವಾರ ಯಾರೂ ಹೋಗಂಗಿಲ್ಲ."

"ಬುಧವಾರ ಏನೈತಿ?"

"ಬಂದು ನೋಡು."

ಅವರದು ಭೂಗೋಳ ಐಚ್ಛಿಕ. ಬುಧವಾರ ಮಧ್ಯಾಹ್ನ ಅವರ ಸರ್ ಮಕ್ಕಳನ್ನು ಊರ ಸುತ್ತಲಿನ ಬಾವಿ, ಹೊಂಡಗಳಿಗೆ ಕರೆದೊಯ್ದು ನೀರಿನ ಮಟ್ಟ ಅಳೆಸುತ್ತಾರೆ. ಆ ವಾರ ಬುಧವಾರ ಕಾಲೇಜಿಗೆ ಅತಿಥಿಗಳು ಬರುವವರಿದ್ದು ಹೊತ್ತು ಸಾಲದೆಂದು ಒಂದು ಬಾವಿಯನ್ನು ಮಂಗಳವಾರವೇ ಮುಗಿಸಿದ್ದರು. ಉಳಿದದ್ದು ನಾಳೆ. ಇಷ್ಟನ್ನು ಬಾಗಲಕೋಟೆ ಮುಟ್ಟುವಷ್ಟರಲ್ಲಿ ನನ್ನ ಮಗಳು ಅವರಿಂದ ಕೇಳಿ ತಿಳಿದುಕೊಂಡಿದ್ದಳು. ಬಸ್ಸಿಳಿದ ಮೇಲೆ, ನಾಳೆ ಮತ್ತೆ ಹೋಗೋಣ ಎಂದು ಅವಳೇ ಅಂದಳು. ಕಾಕಾ ನನ್ನ ಕಡೆ ನೋಡಲಿಲ್ಲ. ಆಕಾಶ ನೋಡುತ್ತಾ "ರೈಟ್" ಅಂದರು.

ಬುಧವಾರದ ನೆನಪು ನನಗೆ ಎಷ್ಟು ಸ್ಪಷ್ಟವಾಗಿದೆಯೆಂದರೆ ಅದನ್ನೇ ನಾನು ಅನುಮಾನಿಸುತ್ತೇನೆ. ಹಳೆಯ ಮೆಟ್ಟಿಲ ಬಾವಿ, ಕೆಂಪು ಕಲ್ಲು, ಅಂಚಿನಲ್ಲಿ ಮಂಗಗಳು. ನಾನು, ಕಾಕಾ ಮೇಲಿನ ಮೆಟ್ಟಿಲ ಮೇಲೆ. ಕೆಳಗೆ ಹದಿನೈದು ಮಕ್ಕಳು, ಟೊಪ್ಪಿಗೆ ಹಾಕಿದ ಸರ್. ಮಗಳು ನಿನ್ನೆಯ ಹುಡುಗಿಯ ಹಿಂದೆ ಹಿಂದೆ ಇಳಿದು ಹೋದಳು. ಸರ್ ಅವಳನ್ನು ನೋಡಿ, ಎರಡು ವಾರ ಎಲ್ಲಿ ಹೋಗಿದ್ದಿ ಎಂದು ಗದರಿದರು. ಗೈರುಹಾಜರಾಗಿದ್ದ ತಮ್ಮದೇ ವಿದ್ಯಾರ್ಥಿನಿ ಎಂದುಕೊಂಡಿದ್ದರು.

"ಆರಾಮ ಇರಲಿಲ್ರಿ ಸರ್" ಎಂದಳು ನನ್ನ ಮಗಳು.

ಅವರು ಟೇಪಿನ ತುದಿಯನ್ನು ಅವಳ ಕೈಗಿತ್ತು, ಅಲ್ಲಾಡಿಸಬೇಡ ಎಂದು ಹೇಳಿ ಮುಂದೆ ಹೋದರು. ಅವಳು ಅಲ್ಲಾಡಿಸಲಿಲ್ಲ. ಪಾಚಿಗಟ್ಟಿದ ಮೆಟ್ಟಿಲ ಮೇಲೆ, ಮೊಣಕಾಲವರೆಗೆ ನೀರಲ್ಲಿ, ನನ್ನ ಲೆಕ್ಕದಲ್ಲಿ ಎರಡು ತಾಸು ನಿಂತಳು. ಅವಳ ಲೆಕ್ಕದಲ್ಲಿ ಅರ್ಧ ತಾಸು. ಮನೆಯಲ್ಲಿ ಒಂದು ಲೋಟ ಎತ್ತಿಡದವಳು. ಕಾಕಾ ಬಾಯಿಗೆ ಕೈ ಅಡ್ಡ ಹಿಡಿದು ಭುಜ ಅಲುಗಿಸುತ್ತಾ ನಗುತ್ತಿದ್ದರು. "ಟಿಕೆಟ್ ಇಲ್ಲದ ಪ್ರಯಾಣ ನಡಸ್ಯಾಳ್ರಿ ನಿಮ್ಮ ಮಗಳು. ನಾ ನೋಡೇ ಇಲ್ಲ" ಎಂದು ಕಣ್ಣು ಮುಚ್ಚಿಕೊಂಡರು.

ಕೊನೆಗೆ ಸರ್‌ಗೆ ನಿಜ ತಿಳಿಯಿತು. ಅವರೂ ನಕ್ಕರು. ಪ್ರವೇಶಕ್ಕೆ ಶುಕ್ರವಾರವೇ ಕೊನೆಯ ದಿನ, ಬರುವುದಿದ್ದರೆ ಟಿ.ಸಿ. ತೆಗೆದುಕೊಂಡು ಬಾ ಎಂದರು. ಮಗಳು ಕಾಲೇಜಿನ ಕಚೇರಿಗೆ ಓಡಿ ಅರ್ಜಿ ತಂದಳು.

ಮರಳುವ ಬಸ್ಸಿನಲ್ಲಿ ಅವಳ ಬಾಯಿ ನಿಲ್ಲಲಿಲ್ಲ. ಗುಳೇದಗುಡ್ಡ ಬಂದಾಗ ಕಾಕಾ ನನ್ನ ಸೀಟಿನ ಹತ್ತಿರ ಬಂದು ನಿಂತರು.

"ಕಾಲೇಜು ಹುಡಕಾಕ ಹೊಂಟ ತಂದಿ ತಾಯಿ ಕೈಯಾಗ ಒಂದು ಫೈಲ್ ಇರ್ತೈತ್ರಿ ಬಾಯಾರ. ನಾಕು ದಿನಾ ನೋಡೇನಿ. ನಿಮ್ಮ ಕೈಯಾಗ ಬರೇ ನೀರಿನ ಬಾಟ್ಲಿ."

ಹೇಳಿಬಿಟ್ಟೆ. ಇಬ್ಬರಿಗೂ ಕೇಳುವಂತೆ ಹೇಳಿದೆ. ಟಿ.ಸಿ. ಎಲ್ಲಿದೆ, ಯಾವತ್ತು ಕೊಟ್ಟೆ, ಯಾಕೆ ಕೊಟ್ಟೆ. ಯಾಕೆ ಎಂಬುದನ್ನು ಹೇಳುವಾಗ ನನ್ನ ಕಾರಣ ನನಗೇ ಸಣ್ಣದಾಗಿ ಕೇಳಿಸಿತು. ಮಗಳು ಬಯ್ಯಲಿಲ್ಲ. ಕೈಯಲ್ಲಿದ್ದ ಅರ್ಜಿಯನ್ನು ಮಡಚಿದಳು, ಮತ್ತೊಮ್ಮೆ ಮಡಚಿದಳು, ಕಿಡಕಿಯ ಕಡೆ ಹೊರಳಿದಳು. ಬೇಸಿಗೆಯಿಡೀ ನಾನು ನೋಡಿದ ಅದೇ ಮುಖ ಮರಳಿ ಬಂದಿತ್ತು. ಈ ಸಲ ಅದನ್ನು ತಂದವಳು ನಾನು.

"ಆಕಿ ಎಲ್ಲಿಗೆ ಅಂತ ಹೇಳೂಕಿಂತ ಮುಂಚೆ ನೀವು ಟಿಕೆಟ್ ಹರದ್ರಿ" ಎಂದರು ಕಾಕಾ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ತಡೆದುಕೊಳ್ಳಲಾಗಲಿಲ್ಲ. ಮಗಳ ಕಡೆ ಹೊರಳಿ ಹೇಳಿದರು: "ಹರದ ಟಿಕೆಟ್ ನಮ್ಮಲ್ಲಿ ವಾಪಸ್ ಇಲ್ಲ ಮಗಳ. ಆದ್ರ ಅದು ಕಾಲೇಜು, ಬಸ್ಸಲ್ಲ. ಹೋಗಿ ಕೇಳು. ನಿಮ್ಮವ್ವ ಕೇಳಬಾರದು, ನಾ ಕೇಳಬಾರದು. ನೀ ಕೇಳು."

ಗುರುವಾರ ಆ ಹತ್ತಿರದ ಕಾಲೇಜಿನ ಪ್ರಾಂಶುಪಾಲರು ಇರಲಿಲ್ಲ. ಶುಕ್ರವಾರ ಹನ್ನೊಂದೂವರೆಗೆ ಸಿಕ್ಕರು. ನನ್ನ ಸಹಿ ಹಾಕಿದ ಕಾಗದ ಹಿಡಿದು ಅವಳೊಬ್ಬಳೇ ಒಳಗೆ ಹೋದಳು. ಬಾದಾಮಿಯ ಅರ್ಜಿಗೂ ನಾನು ಸಹಿ ಮಾಡಿಯಾಗಿತ್ತು, ಬೇಕಾದ ಎಲ್ಲಾ ಕಾಗದ ಅವಳ ಚೀಲದಲ್ಲಿದ್ದವು. ಟಿ.ಸಿ. ಒಂದು ಬಾಕಿ. ಬಾದಾಮಿಯ ಬಸ್ಸು ಹನ್ನೆರಡೂ ಹತ್ತಕ್ಕೆ ಆ ಕಾಲೇಜಿನ ಮುಂದಿನಿಂದಲೇ ಹಾಯುತ್ತದೆ. ಅದು ತಪ್ಪಿದರೆ ಮುಂದಿನದು ಹೊರಟು ಅಲ್ಲಿ ಮುಟ್ಟುವಷ್ಟರಲ್ಲಿ ಕಚೇರಿಯ ಪ್ರವೇಶದ ಕಿಡಕಿ ಮುಚ್ಚಿರುತ್ತದೆ.

ನಾನೂ ಕಾಕಾನೂ ರಸ್ತೆಯ ಈ ಬದಿಗೆ ಗಿಡದ ನೆರಳಲ್ಲಿ ನಿಂತೆವು. ಅಷ್ಟು ದಿನ ಅವರನ್ನು ನೋಡಿದ್ದೆ, ಅವರು ಚಡಪಡಿಸಿದ್ದನ್ನು ನೋಡಿರಲಿಲ್ಲ. ಗಡಿಯಾರ ನೋಡುವರು, ಗೇಟು ನೋಡುವರು, ಎರಡು ಹೆಜ್ಜೆ ಹೋಗಿ ತಿರುಗಿ ಬರುವರು. ಕೊಡದಿದ್ದರೆ ಏನು ಮಾಡುವುದು ಎಂದು ನನ್ನನ್ನೇ ಕೇಳಿದರು. ಹನ್ನೆರಡಾಯಿತು. ಒಳಗೆ ಏನಾಯಿತೆಂದು ಮಗಳು ಮೂರು ಸಲ ಮೂರು ರೀತಿ ಹೇಳಿದ್ದಾಳೆ. ಒಂದರಲ್ಲಿ ಪ್ರಾಂಶುಪಾಲರು, ಬಿ.ಕಾಂ. ಬಿಟ್ಟು ಬಾವಿ ಅಳೆಯಲು ಹೋಗುತ್ತೀಯಾ ಎಂದು ನಕ್ಕರು, ಇವಳು ಹೌದೆಂದಳು. ಇನ್ನೊಂದರಲ್ಲಿ ಅವರು ತಾವೂ ಭೂಗೋಳ ಓದಿದವರೆಂದರು. ಮೂರನೆಯದರಲ್ಲಿ ಅವಳು ಅತ್ತಳು. ಮೂರೂ ನಡೆದಿರಬಹುದು. ನಲವತ್ತು ನಿಮಿಷ ಒಳಗಿದ್ದಳಲ್ಲ, ಸಮಯವಿತ್ತು.

ನಾವು ತಿರುವಿನಲ್ಲಿ ಬಸ್ಸಿನ ಮೂತಿ ಕಂಡೆವು. ಅದೇ ಗಳಿಗೆಗೆ ಅವಳು ಗೇಟಿನಿಂದ ಓಡಿ ಬಂದಳು. ಕೈಯಲ್ಲಿ ಕಾಗದ. ನಮ್ಮ ಕಡೆ ನೋಡಿದಳೋ ಇಲ್ಲವೋ, ರಸ್ತೆಯ ಆ ಬದಿಗೇ ಕೈ ಮಾಡಿ ಬಸ್ಸು ನಿಲ್ಲಿಸಿ ಹತ್ತಿದಳು. ನಾನು ಓಡಿದೆ. ಕಾಕಾನಿಗೆ ಮೊಣಕಾಲು ನೋವು, ರಸ್ತೆಯ ನಡುವಿನ ಕಟ್ಟೆ ದಾಟಲು ಕಷ್ಟಪಡುತ್ತಿದ್ದರು. ನಾನು ಅವರಿಗಾಗಿ ನಿಂತೆ, ಮತ್ತೆ ಬಸ್ಸಿನ ಕಡೆ ನೋಡಿದೆ, ನಿಂತೇ ಇದ್ದೆ. ಆ ದಾರಿಯ ಪ್ರತಿ ಡ್ರೈವರನಿಗೂ ಕಾಕಾನ ಗುರುತಿತ್ತು. ಅವರು ಕೈಯೆತ್ತಿದ್ದರೆ ಬಸ್ಸು ನಿಲ್ಲುತ್ತಿತ್ತು. ಅವರ ಕೈ ಅರ್ಧದವರೆಗೆ ಎ‍ದ್ದದ್ದನ್ನು, ಆಮೇಲೆ ಮೆಲ್ಲಗೆ ಅಂಗಿಯ ಕಿಸೆಗೆ ಹೋದದ್ದನ್ನು ನಾನು ಕಂಡೆ. ದಿನಚರಿಯಲ್ಲಿ ಇದಿಲ್ಲ. ಆದರೆ ಕಂಡೆ.

ಬಸ್ಸು ಹೋಯಿತು. ನಾವಿಬ್ಬರೂ ರಸ್ತೆಯ ನಡುವಿನ ಕಟ್ಟೆಯ ಮೇಲೆ ಉಳಿದೆವು. ಅವಳು ಅಷ್ಟು ದೂರ ಒಬ್ಬಳೇ ಎಂದೂ ಹೋದವಳಲ್ಲ.

"ಮೂವತ್ತು ವರ್ಷ ಮಂದೀನ ಬಿಟ್ಟು ಹೋಗೇನ್ರಿ ಬಾಯಾರ" ಎಂದರು ಕಾಕಾ, ಏದುಸಿರು ಬಿಡುತ್ತಾ. "ಹಿಂದ ಉಳದವರಿಗೆ ಹೆಂಗ ಅನಸ್ತೈತಿ ಅಂತ ಗೊತ್ತಿರಲಿಲ್ಲ."

ಹೇಗೆನ್ನಿಸುತ್ತದೆ ಎಂದು ಕೇಳಿದೆ. ಅವರು ಚಹದ ಅಂಗಡಿಗೆ ನಡೆದರು, ಹೋಗಿ ಕುರ್ಚಿಯ ಮೇಲೆ ಧೊಪ್ಪೆಂದು ಕೂತರು. ನಾವು ಎರಡೆರಡು ಸಲ ಚಹಾ ಕುಡಿದೆವು. ನಾನು ಕಚೇರಿಗೆ ಫೋನು ಮಾಡಿ ಉಳಿದರ್ಧ ದಿನಕ್ಕೂ ರಜೆ ಹೇಳಿದೆ. ಅವಳಿಗೆ ಫೋನು ಮಾಡಲೇ ಎಂದರೆ ಕಾಕಾ ಬೇಡವೆಂದರು. ಐದು ನಿಮಿಷದ ಮೇಲೆ, ಮಾಡಿ ನೋಡ್ರಿ ಎಂದರು. ಆಮೇಲೆ ಮತ್ತೆ ಬೇಡವೆಂದರು. ಅಂಗಡಿಯವನು ನಮ್ಮಿಬ್ಬರನ್ನು ನೋಡಿ, ಯಾರಾದರೂ ದವಾಖಾನೆಯಲ್ಲಿದ್ದಾರೇನ್ರಿ ಎಂದು ಕೇಳಿದ.

ಎರಡೂವರೆಯ ಸುಮಾರಿಗೆ ಮೊಬೈಲು ಸಪ್ಪಳ ಮಾಡಿತು. ಮಗಳ ಸಂದೇಶ. ಓದಿ ಹೇಳಿದೆ: "ಆತು."

ಕಾಕಾ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು. ಮುಂದೆ ಏನಿದೆ ಎಂದು ಕೇಳಿದರು. ಮುಂದೇನೂ ಇಲ್ಲ, ಇಷ್ಟೇ ಎಂದೆ.

"ಇನ್ನೊಮ್ಮೆ ಓದ್ರಿ" ಎಂದರು.

ಒಂದೇ ಶಬ್ದವಿತ್ತು. ಇನ್ನೊಮ್ಮೆ ಓದಿದೆ.